ಕೈಮಾತಿನ ಮನೆ

ನಾನು ಬಾಯಿಬಡಕಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ತವರುಮನೆ ಚಿಮ್ಮಡದಲ್ಲಿ ನಮ್ಮದು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುವ ಜನ. ನನ್ನವ್ವ ಎಮ್ಮೆಗೆ ಬೈದರೆ ಮೂರನೇ ಮನೆಯವರು "ಏನಾತಬೇ?" ಎಂದು ಓಡಿ ಬರುತ್ತಿದ್ದರು. ಅಂಥ ಗಂಟಲು ಹೊತ್ತುಕೊಂಡು ಬನಹಟ್ಟಿಯ ನೇಕಾರರ ಓಣಿಗೆ ಸೊಸೆಯಾಗಿ ಬಂದೆ. ಬಂದ ಮೂರು ವರ್ಷಕ್ಕೆ ಮನೆಯೊಳಗೆ ನಾಲ್ಕು ಪಾವರ್‌ಲೂಮ್ ಕೂತವು. ಅಲ್ಲಿಗೆ ನನ್ನ ಗಂಟಲಿನ ಆಟ ಮುಗಿಯಿತು.

ಪಾವರ್‌ಲೂಮ್ ಓಡುವಾಗ ಗಂಟಲು ಹರಿದುಕೊಂಡರೂ ಪಕ್ಕದಲ್ಲಿ ನಿಂತವರಿಗೆ ಕೇಳುವುದಿಲ್ಲ. ಹಾಗಾಗಿ ನಮ್ಮ ಓಣಿಯವರಿಗೆಲ್ಲ ಕೈಮಾತು ಬರುತ್ತದೆ. ಐದೂ ಬೆರಳು ಕೂಡಿಸಿ ಬಾಯಿಗೆ ಹಿಡಿದರೆ ಊಟಕ್ಕೆ ಬಾ. ಹೆಬ್ಬೆರಳು ಎತ್ತಿ ಬಾಯಿಗೆ ಒಯ್ದರೆ ನೀರು. ಎರಡು ಬೆರಳು ಹೊಸೆದರೆ ಎಳೆ ಹರಿದಿದೆ, ಮಗ್ಗ ನಿಲ್ಲಿಸು. ಚಾಡಿ, ಚೇಷ್ಟೆ, ಗಂಡಹೆಂಡಿರ ಜಗಳ, ಎಲ್ಲ ಕೈಯಲ್ಲೇ. ನನ್ನ ಮಗಳು ರೇಷ್ಮಾ "ಅವ್ವಾ" ಅನ್ನುವ ಮೊದಲೇ ಕೈಯಲ್ಲಿ ಹಾಲು ಕೇಳಿದವಳು.

ಇನ್ನು ನನ್ನ ಬಾಯಿಗೆ ಉಳಿದ ಕೆಲಸವೊಂದಿತ್ತು. ಅದನ್ನೂ ಹೇಳಬೇಕು. ನನ್ನ ಮಾವ ರಾಚಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನಲವತ್ತು ವರ್ಷ ಸೀರೆ ನೇಯ್ದವರು. ತೊಂಬತ್ತೆಂಟರಲ್ಲಿ ಅವರು ಮುಧೋಳಕ್ಕೆ ಬೀಗರ ಮನೆಯ ಮದುವೆಗೆಂದು ಹೋಗಿ ನಾಲ್ಕು ದಿನ ಉಳಿದರು. ಆ ನಾಲ್ಕು ದಿನದಲ್ಲಿ ನಮ್ಮವರು, ಅಂದರೆ ಅವರ ಮಗ ಮಲ್ಲಿನಾಥ, ಪಾವರ್‌ಲೂಮ್ ಕೂಡಿಸಲೆಂದು ಮನೆಯ ಎರಡೂ ಮಗ್ಗದ ಕುಣಿಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟ್ ಹೊಡೆಸಿಬಿಟ್ಟರು. ಕೇಳಿದ್ದರೆ ಅಪ್ಪ ಬೇಡ ಅನ್ನುತ್ತಾನೆಂದು ಕೇಳಲೇ ಇಲ್ಲ. ಮಾವ ಮದುವೆಯ ಬುಂದೆ ಉಂಡೆಯ ಗಂಟು ಹಿಡಿದು ಬಂದು ಹಸಿ ಸಿಮೆಂಟ್ ನೋಡಿದರು. ನನ್ನ ಕಡೆ ತಿರುಗಿ, "ಅವಂಗ ಕೇಳು, ಕುಣ್ಯಾಗ ನನ್ನ ತಂಬಿಗಿ ಇತ್ತು, ತಗದಿಟ್ಟಾನೇನು?" ಎಂದರು.

ನಮ್ಮವರು ಎರಡು ಮಾರು ದೂರದಲ್ಲೇ ನಿಂತಿದ್ದರು. ಅವರೂ ನನ್ನನ್ನೇ ನೋಡಿ, "ಮಣ್ಣಾಗ ಹೋತಂತ ಹೇಳು" ಅಂದರು.

ಅಲ್ಲಿಂದ ಹತ್ತು ವರ್ಷ ಅಪ್ಪ ಮಗ ನೇರ ಮಾತಾಡಲಿಲ್ಲ. ನೂಲು ಬಂತಂತ ಹೇಳು, ಔಷಧಿ ತಂದಾನಂತ ಹೇಳು, ಚಾದಾಗ ಸಕ್ರಿ ಕಡಿಮಿ ಆಗೇತಂತ ಹೇಳು. ಎಲ್ಲ ನನ್ನ ಬಾಯಿಂದ. ಖರೆ ಹೇಳಬೇಕೆಂದರೆ ನನಗೆ ಅದರಲ್ಲಿ ಒಳಗೊಳಗೇ ಹೆಮ್ಮೆ. ನಾನಿಲ್ಲದಿದ್ದರೆ ಈ ಮನೆ ನಡೆಯುವುದೇ ಇಲ್ಲ ಅಂದುಕೊಂಡಿದ್ದೆ.

ಎರಡು ಸಾವಿರದ ಎಂಟರ ದೀಪಾವಳಿ ಮುಗಿದ ವಾರ, ಪಡಸಾಲೆಯಲ್ಲಿ ರಾಟೆ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಮಾವ ಹಾಗೇ ಬಲಕ್ಕೆ ವಾಲಿದರು. ಲಕ್ವಾ ಹೊಡೆದಿತ್ತು. ಜಮಖಂಡಿಯ ದವಾಖಾನೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಬಲಗಾಲಿಗೆ ಅರ್ಧ ಜೀವ ಬಂತು, ಬಲಗೈಗೆ ಕಾಲು ಭಾಗ. ಮಾತು ಮಾತ್ರ ಹೋಗಿಯೇ ಹೋಯಿತು. ನಮ್ಮನ್ನು ಗುರುತಿಸುತ್ತಿದ್ದರು, ನಾವು ಹೇಳಿದ್ದು ತಿಳಿಯುತ್ತಿತ್ತು, ಆದರೆ ಬಾಯಿ ತೆರೆದರೆ "ಅದಾ... ಅದಾ..." ಅಷ್ಟೇ. ನೀರಿಗೂ ಅದಾ, ನೋವಿಗೂ ಅದಾ.

ನಾವು ಎದೆಗುಂದಲಿಲ್ಲ. ಎಡಗೈ ಚೆನ್ನಾಗಿತ್ತಲ್ಲ! ಹೆಬ್ಬೆರಳು ಎತ್ತಿದರೆ ನೀರು ಕೊಟ್ಟೆ, ಬೆರಳು ಕೂಡಿಸಿದರೆ ಅಂಬಲಿ ಕೊಟ್ಟೆ. ಹೊಟ್ಟೆ ಸವರಿಕೊಂಡರೆ ಏನು, ಕಣ್ಣು ಮುಚ್ಚಿದರೆ ಏನು, ನನಗೆ ಎಲ್ಲ ತಿಳಿಯುತ್ತಿತ್ತು. ಅವರು ಕೈ ಎತ್ತುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. "ಮಾವಾರಿಗೆ ಕವದಿ ಬೇಕಂತ, ಕೊಡ್ರಿ ಅತ್ತ್ಯಾರ." ಓಣಿಯ ತಂಗೆವ್ವ ಬಂದವಳು, "ಎಂಥಾ ಸೊಸಿ ಸಿಕ್ಕಾಳವ್ವಾ ಅನಸವ್ವಾ, ಗಂಡನ ಮನಸ್ಸು ನಿನಗಿಂತ ಈಕಿಗೇ ಛಲೋ ತಿಳೀತೈತಿ" ಎಂದು ನನ್ನತ್ತೆಯನ್ನು ಛೇಡಿಸಿದಳು. ನಾನು ಉಬ್ಬಿಹೋದೆ.

ಜನವರಿಯಲ್ಲಿ ಬಾಗಲಕೋಟೆಗೆ ತೋರಿಸಲು ಕರೆದುಕೊಂಡು ಹೋದೆವು. ಅತ್ತೆ, ನಾನು, ಮಾವ. ಅಲ್ಲಿ ಮಾತು ಕಲಿಸುವ ಡಾಕ್ಟರ್ ಒಬ್ಬರಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬೀಳಗಿಯವಳಂತೆ. ಮಾವನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಅಜ್ಜಾರು ಮನಿಯೊಳಗ ಮಾತಾಡ್ತಾರೇನ್ರಿ?"

"ಹೂನ್ರಿ ಬಾಯಾರ, ಎಲ್ಲಾ ಹೇಳ್ತಾರ," ಅಂದೆ.

"ಹೌದಾ? ನಿನ್ನೆ ಏನ್ ಹೇಳಿದ್ರು?"

"ರೊಟ್ಟಿ ಬ್ಯಾಡ, ಅಂಬಲಿ ಬೇಕಂದ್ರು."

"ಬಾಯಿಲೆ ಅಂದ್ರಾ?"

"ಇಲ್ರಿ. ಕೈಲೆ."

ಆಕೆ ಮಾವನಿಗೆ ತನ್ನ ಕೈಯಲ್ಲಿದ್ದ ಪೆನ್ನು ತೋರಿಸಿ, ಇದೇನು ಅಜ್ಜಾ ಎಂದು ಕೇಳಿದಳು. ಮಾವನ ತುಟಿ ಅಲುಗಿತು. "ಪೆನ್ನ ಅನ್ನಾಕತ್ತಾರ್ರಿ," ಅಂದೆ ನಾನು. ನೀರಿನ ಬಾಟಲಿ ತೋರಿಸಿದಳು. "ಅವರಿಗೆ ಗೊತ್ತೈತ್ರಿ, ನೀರ," ಅಂದೆ. ಹೆಸರು ಕೇಳಿದಳು. ಅದನ್ನೂ ನಾನೇ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇವರ ಮಿದುಳಿನ್ಯಾಗ ಮಾತಿನ ಜಾಗಾ ಕೆಟ್ಟೈತಿ. ಅದರ ಬಾಜೂಕಿನ ಜಾಗಾ ಆ ಕೆಲಸಾ ಕಲೀಬಲ್ಲದು. ಆದ್ರ ಕೆಲಸಾ ಕೊಟ್ರ ಕಲೀತೈತಿ. ಮೂರ ತಿಂಗಳಾತು, ನೀವು ಕೊಟ್ಟಿಲ್ಲ. ಎಲ್ಲಾ ನೀವ ಮಾಡೀರಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಹಾಲು ಕುಡಿಯುವ ಕೂಸಿನಂಥವಳು ನನಗೆ ಬುದ್ಧಿ ಹೇಳುವುದೇ ಎಂದು ಬಾಯಿಗೆ ಬಂದ ಮಾತನ್ನು ಹೇಗೋ ನುಂಗಿದೆ.

"ಮತ್ತೇನ್ ಮಾಡೂದ್ರಿ?" ಎಂದು ಅತ್ತೆ ಕೇಳಿದರು.

"ಗುಳಿಗಿ ರಕ್ತಕ್ಕ. ಮಾತಿಗೆ ಮನಿ ಮಂದೀನ ಔಷಧಿ. ಸಪ್ಪಳಿಲ್ಲದಾಗ ಒಬ್ಬೊಬ್ರ ಎದುರಿಗೆ ಕುಂತು ಮಾತಾಡಸ್ರಿ. ಕೈಸನ್ನಿ ಬಂದ್ ಮಾಡ್ರಿ. ಅವರು ಬಾಯಿ ತಗದ್ರು ಅಂದ್ರ, ಅಕ್ಕಾರ, ನೀವು ಬಾಯಿ ಮುಚ್ಚ್ರಿ. ನಿಮ್ಮ ಉಸಿರ ನೋಡ್ರಿ. ಒಳಗ ಹೋತು, ಹೊರಗ ಬಂತು, ಒಂದು. ಹತ್ತಾಗೂತನಕ ಅವರ ಮಾರಿ ನೋಡಕೋತ ಸುಮ್ಮ ಕೂಡ್ರಿ. ಆಮ್ಯಾಲ ಬೇಕಂದ್ರ ಮೊದಲ ಅಕ್ಷರಾ ಒಂದ ಹೇಳ್ರಿ."

"ಹತ್ತು ಉಸಿರಾ! ಅಲ್ಲೀತನಕ ಅವರಿಗೆ ತ್ರಾಸ ಆಗೂದಿಲ್ಲೇನ್ರಿ?"

"ತ್ರಾಸ ಅವರಿಗಲ್ಲ, ನಿಮಗ," ಅಂದು ನಕ್ಕಳು ಆ ಹುಡುಗಿ. ಆಮೇಲೆ ಕೇಳಿದಳು: "ಮನಿಯೊಳಗ ಮತ್ಯಾರ ಅದಾರ? ಮಗಾ? ಅವರೂ ಮಾತಾಡಸಬೇಕ್ರಿ. ಅದಕ್ಕ ಭಾಳ ಬಲ ಇರತೈತಿ."

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಬಸ್ಸಿನಲ್ಲಿ ಮಾವ ಕಿಟಕಿಗೆ ತಲೆ ಆನಿಸಿ ಮಲಗಿದ್ದರು. ಗಲಗಲಿ ದಾಟುವವರೆಗೂ ನಾನು ಆ ಡಾಕ್ಟರಿಗೆ ಮನಸ್ಸಿನಲ್ಲೇ ಬೈದೆ. ಆಮೇಲೆ ಅಳು ಬಂತು. ಮೂರು ತಿಂಗಳು ಅವರ ಬಾಯೊಳಗಿನ ಮಾತನ್ನು ನಾನೇ ಕಸಿದು ತಿಂದಿದ್ದೆನಲ್ಲ!

ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ನಮ್ಮವರು ಸಾರಿಗೆ ರೊಟ್ಟಿ ಮುರಿಯುತ್ತಿದ್ದರು.

"ದಿನಕ್ಕ ಒಂದ ತಾಸು ಮಗ್ಗ ನಿಲ್ಲಸಬೇಕಂತರಿ. ಸಪ್ಪಳ ಇರಬಾರದಂತ."

"ಬೇಕಾದಾಗ ನಿಲ್ಲಸಾಕ ಅದೇನ್ ಹಿಟ್ಟಿನ ಗಿರಣ್ಯಾ? ಕರೆಂಟ್ ಇರೂದ ಆರ್ ತಾಸು. ಅದರಾಗ ಒಂದ ತಾಸು ನಿನಗ ಕೊಡ್ಲಾ?"

"ನನಗಲ್ಲ, ನಿಮ್ಮಪ್ಪಗ," ಎಂದರು ಅತ್ತೆ ಒಲೆಯ ಮುಂದಿನಿಂದ.

"ಯವ್ವಾ, ಕರೆಂಟ್ ಹೋದಾಗ ಮಾತಾಡಸ್ರಿ. ಯಾರ ಬ್ಯಾಡ ಅಂದಾರ?"

"ನೀವೂ ಮಾತಾಡಸಬೇಕಂತ," ಅಂದೆ.

ರೊಟ್ಟಿ ಮುರಿಯುವ ಕೈ ನಿಂತಿತು. "ನಾ ಏನ್ ಮಾತಾಡ್ಲಿ? ಹತ್ತ ವರ್ಷದಾಗ ಅಂವ ನನ್ನ ಹೆಸರ ಹಿಡದ ಕರದಾನೇನು? ನೀನ ಹೇಳು. ನೀನ ಇದ್ದೆಲ್ಲ ನಡುವ?" ಎಂದು ಕೈ ತೊಳೆದು ಎದ್ದುಹೋದರು.

ಹೀಗೆ ನಮ್ಮದು ಕರೆಂಟ್ ಹೋಗಲೆಂದು ಕಾಯುವ ಮನೆಯಾಯಿತು. ಓಣಿಯಲ್ಲಿ ಕರೆಂಟ್ ಹೋದ ಕೂಡಲೇ ಎಲ್ಲರೂ ಕೆಇಬಿಯವರಿಗೆ ಬೈಯುತ್ತ ಹೊರಬಂದರೆ, ನಾವು ಮೂವರು ಹೆಂಗಸರು ಇದ್ದದ್ದು ಬಿಟ್ಟು ಮಾವನ ಮಂಚದ ಕಡೆ ಓಡುತ್ತಿದ್ದೆವು. ಅತ್ತೆಯ ಕೈಯಲ್ಲಿ ಹಿಟ್ಟು, ನನ್ನ ಕೈಯಲ್ಲಿ ಸೋಪು. ರೇಷ್ಮಾ ಐದನೆಯ ಇಯತ್ತೆಯ ಪುಸ್ತಕ ಎಸೆದು ಬಂದು ಎಲ್ಲರಿಗಿಂತ ಮೊದಲು ಕೂರುತ್ತಿದ್ದಳು. ಅವಳೇ ಒಂದು ಆಟ ಕಟ್ಟಿದಳು. ತನ್ನ ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು, "ಮುತ್ತ್ಯಾ, ನೀನೂ ಕೈ ಹಾಸಿಗಿ ಬುಡಕ ಇಡು. ಯಾರ ಕೈ ಮೊದಲ ಹೊರಗ ಬರತೈತಿ, ಅವರು ಸೋತ್ರು" ಎಂದಳು. ಮಾವನಿಗೆ ನಗು. ಎಡಗೈಯನ್ನು ಕವದಿ ಕೆಳಗೆ ಇಟ್ಟರು.

ಸೋಲುತ್ತಿದ್ದವಳು ನಾನು. ಅವರ ತುಟಿ ಸ್ವಲ್ಪ ಅಲುಗಿದರೆ ಸಾಕು, ನನ್ನ ನಾಲಿಗೆ ತುದಿಗೆ ಆ ಮಾತು ಬಂದು ಕುಣಿಯುತ್ತಿತ್ತು. "ಯವ್ವಾ, ಬಾಯಿ!" ಎಂದು ರೇಷ್ಮಾ ಗದರುತ್ತಿದ್ದಳು. ಉಸಿರು ಎಣಿಸಲು ಕೂತರೆ ನಾಲ್ಕಕ್ಕೇ ಲೆಕ್ಕ ತಪ್ಪುತ್ತಿತ್ತು. ಒಲೆಯ ಮೇಲಿನ ಬೇಳೆ ನೆನಪಾಗುತ್ತಿತ್ತು, ತಂಗೆವ್ವ ಒಯ್ದ ಜರಡಿ ನೆನಪಾಗುತ್ತಿತ್ತು. ಮತ್ತೆ ಒಂದರಿಂದ. ಒಂದು ವಾರ ಕಳೆದ ಮೇಲೆ ಏಳರವರೆಗೆ ಹೋದೆ. ಆಗ ಮೊದಲ ಸಲ ಮಾವನ ಮುಖವನ್ನು ಸರಿಯಾಗಿ ನೋಡಿದೆ. ಹದಿಮೂರು ವರ್ಷ ಊಟ ಬಡಿಸಿದ ಮುಖ. ಒಂದು ಮಾತು ಹುಡುಕುವಾಗ ಅವರ ಕಣ್ಣು ಮೇಲಿನ ತೊಲೆಗೆ ಹೋಗಿ, ಅಲ್ಲಿಂದ ಇಳಿದು, ನಮ್ಮ ಮೇಲೆ ನಿಲ್ಲುತ್ತಿತ್ತು. ಕುತ್ತಿಗೆಯ ನರ ಉಬ್ಬುತ್ತಿತ್ತು. ಪಾಪ, ಎಷ್ಟು ದುಡಿಯುತ್ತಿದ್ದರು! ನಾನು ಅದನ್ನು ನೋಡಿಯೇ ಇರಲಿಲ್ಲ.

ಒಂಬತ್ತನೆಯ ದಿನ "ರೇ... ರೇಸ್ಮಿ" ಎಂದರು. ಮಗಳು ಕೈ ತೊಡೆ ಕೆಳಗಿಂದ ತೆಗೆದು ಅವರನ್ನು ತಬ್ಬಿಕೊಂಡು, "ನಾ ಸೋತೆ, ನಾ ಸೋತೆ!" ಎಂದು ಕುಣಿದಳು. ಆ ಮೇಲೆ "ನೀರ" ಬಂತು, "ಸಾಕು" ಬಂತು. ಒಂದು ಸಂಜೆ ಅತ್ತೆ ಚಹಾದ ಬಸಿಯನ್ನು ಅವರ ಬಲಗಡೆ ಇಟ್ಟರು. ಆ ಕೈ ಏಳುವುದಿಲ್ಲವಲ್ಲ. ಮಾವ ಬಸಿ ನೋಡಿದರು, ಅತ್ತೆಯನ್ನು ನೋಡಿದರು. ನಾನು ಎಂಟನೆಯ ಉಸಿರಿನಲ್ಲಿದ್ದೆ.

"ಹು... ಹುಚ್ಚಿ," ಅಂದರು.

ಅತ್ತೆ ಗೊಳೋ ಎಂದು ಅತ್ತರು. "ನಲವತ್ತೈದ ವರ್ಷ ದಿನಾ ಇದನ್ನ ಅಂದಾರ. ಕೇಳಿ ಮೂರ ತಿಂಗಳ ಮ್ಯಾಲ ಆಗಿತ್ತವ್ವಾ," ಎಂದು ಬಸಿಯನ್ನು ಎಡಕ್ಕೆ ಇಟ್ಟು ಓಣಿಗೆಲ್ಲ ಹೇಳಿಬಂದರು. ಗಂಡ ಹುಚ್ಚಿ ಅಂದನೆಂದು ಸಕ್ಕರೆ ಹಂಚಿದವರು ಬನಹಟ್ಟಿಯಲ್ಲಿ ಅವರೊಬ್ಬರೇ ಇರಬೇಕು.

ನನ್ನಲ್ಲೂ ಏನೋ ಆಗುತ್ತಿತ್ತು. ಒಂದು ಬೆಳಿಗ್ಗೆ ರೇಷ್ಮಾ ಹಾಲು ಉಕ್ಕಿಸಿದಳು. ಮೊದಲಾಗಿದ್ದರೆ ಅವಳ ಏಳು ತಲೆಮಾರಿನವರೆಗೆ ಹೋಗುತ್ತಿದ್ದೆ. ಸುಮ್ಮನೆ ಬಟ್ಟೆ ತಂದು ಒರೆಸಿದೆ. ಅವಳು ಹೆದರಿ ನನ್ನ ಹಣೆ ಮುಟ್ಟಿ, "ಆಯಿ, ಯವ್ವಗ ಜ್ವರಾ ಬಂದಾವೇನ್ ನೋಡು" ಎಂದು ಅತ್ತೆಯನ್ನು ಕರೆದಳು.

ನಮ್ಮವರು ಮಾತ್ರ ಕರೆಂಟ್ ಹೋದರೆ ಚಹಾದಂಗಡಿಗೆ ಹೋಗಿಬಿಡುತ್ತಿದ್ದರು. ಆದರೆ ಹುಚ್ಚಿ ಅಂದ ಮರುದಿನದಿಂದ ಹೋಗುವುದು ನಿಂತಿತು. ಮಗ್ಗಕ್ಕೆ ಎಣ್ಣೆ ಬಿಡಬೇಕು, ಬೆಲ್ಟ್ ನೋಡಬೇಕು ಎಂದು ನೆಪ ಹೇಳಿ ಒಳಗೇ ಇರುತ್ತಿದ್ದರು. ಒಮ್ಮೆ ನಾನು ನೀರಿಗೆಂದು ಎದ್ದುಹೋದರೆ, ಮಗ್ಗದ ಕೋಣೆಯ ಬಾಗಿಲ ಹಿಂದೆ ಗೋಡೆಗೆ ಆನಿ ನಿಂತು ಅಪ್ಪನ ಮಾತು ಕೇಳುತ್ತಿದ್ದರು. ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ. ನಾನು ನೋಡಿದ್ದನ್ನು ಕಂಡು ಮುಖ ಅತ್ತ ತಿರುಗಿಸಿದರು. ನನಗೆ ಅವರ ಮೇಲೆ ಬಹಳ ಮರುಕ ಬಂತು. ಅಪ್ಪನ ಜೊತೆ ಹೇಗೆ ಮಾತಾಡುವುದೆಂದೇ ಆ ಮನುಷ್ಯನಿಗೆ ಮರೆತುಹೋಗಿತ್ತು.

ಮಾರ್ಚ್ ಬಂತು. ಪರೀಕ್ಷೆಯ ಕಾಲವೆಂದು ಕರೆಂಟ್ ತೆಗೆಯುವುದನ್ನು ನಿಲ್ಲಿಸಿದರು. ಬೆಳಿಗ್ಗೆಯಿಂದ ಮಲಗುವವರೆಗೂ ನಾಲ್ಕೂ ಮಗ್ಗ ಖಟಾಖಟ್ ಖಟಾಖಟ್. ಓಣಿಯವರೆಲ್ಲ ಹಿಗ್ಗಿದರು. ನಾವು ಮಾವನ ಕಿವಿಯ ಹತ್ತಿರ ಬಾಗಿ ಮಾತಾಡಿಸಲು ನೋಡಿದೆವು. ಅವರಿಗೆ ನಮ್ಮ ಮಾತೂ ಕೇಳದು, ತಮ್ಮದೂ ಕೇಳದು. ಎರಡು ದಿನ ಪ್ರಯತ್ನಿಸಿ, ಮೂರನೆಯ ದಿನ ಹೆಬ್ಬೆರಳು ಎತ್ತಿದರು. ಅತ್ತೆ ಗೊಣಗುತ್ತಲೇ ನೀರು ಕೊಟ್ಟರು.

"ಅರ್ಧ ತಾಸರೆ ನಿಲ್ಲಸ್ರೀ, ಕಲತದ್ದ ಮರೀಲಿಕತ್ತಾರ," ಎಂದು ನಮ್ಮವರನ್ನು ಬೇಡಿಕೊಂಡೆ.

"ಈ ಹದಿನೈದ ದಿನಾ ತಡಿ. ವರ್ಷದಾಗ ಒಮ್ಮಿ ಬರೂ ಕರೆಂಟ," ಅಂದರು. ಸಿಟ್ಟಿನಿಂದ ಅಲ್ಲ, ಕಣ್ಣು ತಪ್ಪಿಸಿ.

ಎಂಟನೆಯ ದಿನ. ಮಧ್ಯಾಹ್ನ ಒಂದಕ್ಕೆ ನಮ್ಮವರು ಅಡುಗೆಮನೆಯಲ್ಲಿ ಕೂತು ಮೂರು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಹೊಟ್ಟೆ ತುಂಬ ಉಂಡು ಮಗ್ಗಕ್ಕೆ ಹೋದರು. ಆಮೇಲೆ ನಾನು ಮಾವನಿಗೆ ಅಂಬಲಿ ತೆಗೆದುಕೊಂಡು ಪಡಸಾಲೆಗೆ ಬಂದೆ. ಮಾವ ಏನೋ ಹೇಳಲು ಬಾಯಿ ತೆರೆದರು. ನಾನು ಬಟ್ಟಲು ಕೆಳಗಿಟ್ಟು ಕಾದೆ. ತುಟಿ ಅಲುಗಿತು, ಗಂಟಲು ಉಬ್ಬಿತು, ಏನೂ ಬರಲಿಲ್ಲ. ಇನ್ನೊಮ್ಮೆ. "ಅದಾ..." ಅಂದರು. ಆ ಹಾಳು ಅದಾ! ಮಾವ ಎಡಗೈಯಿಂದ ತಮ್ಮ ಬಾಯಿಗೆ ತಾವೇ ಫಟ್ಟನೆ ಹೊಡೆದುಕೊಂಡರು. ಮತ್ತೊಂದು ಸಲ ಹೊಡೆದುಕೊಂಡರು.

ಅವರ ಕೈ ಹಿಡಿದು, ಪಕ್ಕದಲ್ಲೇ ಇದ್ದ ಅತ್ತೆಯ ಕೈಗೆ ಕೊಟ್ಟೆ. ಎದ್ದು ಸೀದಾ ಹೋಗಿ ಗೋಡೆಯ ಮೇಲಿನ ಮೇನ್ ಸ್ವಿಚ್ ಕೆಳಗೆ ಎಳೆದುಬಿಟ್ಟೆ.

ಮಗ್ಗಗಳು ಒಂದೊಂದಾಗಿ ನಿಂತವು. ನಮ್ಮವರು ಕೋಣೆಯಿಂದ ಹೊರಬಂದರು, ತಲೆಯ ಮೇಲೆಲ್ಲ ಹತ್ತಿಯ ಧೂಳು. ಬಾಜೂ ಮನೆಯ ಮಗ್ಗದ ಸದ್ದು ಕೇಳಿಸಿಕೊಂಡರು, ಸ್ವಿಚ್ ನೋಡಿದರು, ನನ್ನನ್ನು ನೋಡಿದರು.

"ಯಾರ ತಗದವರು? ತಲಿ ಕೆಟ್ಟೈತೇನ್ ನಿನಗ? ಓಡೂ ಮಗ್ಗದಾಗ ಎಳಿ ಹರದ್ರ ಯಾರ ಜೋಡಸ್ತಾರ, ನಿಮ್ಮಪ್ಪ ಬರ್ತಾನ ಚಿಮ್ಮಡದಿಂದ?"

ನನ್ನ ಹತ್ತಿರವೂ ಉತ್ತರ ಸಿದ್ಧವಿತ್ತು. ಹತ್ತು ವರ್ಷದ್ದು ಒಟ್ಟಿಗೆ ಕೊಡುವಷ್ಟಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಮಂಚದಿಂದ ಒಂದು ಸದ್ದು ಬಂತು.

"ಮ..."

ಮಾವ ಮಗನನ್ನೇ ನೋಡುತ್ತಿದ್ದರು. ನಮ್ಮವರು ಬಾಗಿಲಲ್ಲೇ ನಿಂತರು. ನಾನು ತೆರೆದ ಬಾಯಿ ಮುಚ್ಚಿದೆ. ಒಳಗೆ ಹೋಯಿತು, ಹೊರಗೆ ಬಂತು, ಒಂದು. ಎರಡು. ನಮ್ಮವರು ರೂಢಿಯಂತೆ ನನ್ನ ಕಡೆ ತಿರುಗಿದರು, ಅಪ್ಪ ಏನಂತಾನೆ ಹೇಳು ಎನ್ನುವಂತೆ. ನಾನು ಹೇಳಲಿಲ್ಲ. ನಾಲ್ಕು. ಅವರಿಗೆ ಬೇರೆ ದಾರಿಯಿರಲಿಲ್ಲ, ಅಪ್ಪನನ್ನೇ ನೋಡಬೇಕಾಯಿತು. ಮೆಲ್ಲಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತರು.

"ಮ... ಮಲ್ಲೂ," ಅಂದರು ಮಾವ.

ಹತ್ತು ವರ್ಷದ ಮೇಲೆ ಆ ಹೆಸರು ಆ ಬಾಯಲ್ಲಿ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಮಾವನ ಕಣ್ಣು ತೊಲೆಗೆ ಹೋಯಿತು, ಇಳಿಯಿತು. ಮುಂದಿನ ಮಾತು ಯಾವುದೆಂದು ನನಗೆ ಗೊತ್ತಾಯಿತು, ನಾಲಿಗೆಯ ತುದಿಗೇ ಬಂದಿತ್ತು. ನನ್ನ ತುಟಿ ನಾನೇ ಕಚ್ಚಿಕೊಂಡೆ. ಏಳು, ಎಂಟು.

"ಉಂ... ಉಂಡ್ಯಾ?"

ನಮ್ಮವರ ಗಲ್ಲದ ಮೇಲೆ ಧೂಳು ಇತ್ತು. ಕಣ್ಣೀರು ಅದರಲ್ಲೇ ಗೆರೆ ಎಳೆಯುತ್ತ ಇಳಿಯಿತು.

"ಇಲ್ಲ, ಯಪ್ಪಾ. ಉಂಡಿಲ್ಲ," ಅಂದರು.

"ಅಯ್ಯ, ಈಗರೆ..." ಎಂದು ಅತ್ತೆ ಬಾಯಿ ತೆರೆದರು. ನಾನು ಅವರ ಕೈ ಹಿಡಿದು ಗಟ್ಟಿಯಾಗಿ ಒತ್ತಿದೆ. ಒಳಗೆ ಹೋಗಿ ತಟ್ಟೆಗೆ ಎರಡು ರೊಟ್ಟಿ, ಪಲ್ಯ ಹಾಕಿಕೊಂಡು ಬಂದೆ. ಮಾವನಿಗೆ ಅಂಬಲಿ, ಮಗನಿಗೆ ರೊಟ್ಟಿ. ಇಬ್ಬರೂ ಒಟ್ಟಿಗೆ ಉಂಡರು, ಮಾವ ಎಡಗೈಯಲ್ಲಿ ಚೆಲ್ಲುತ್ತ, ಇವರು ಅದನ್ನು ಒರೆಸುತ್ತ. ತುತ್ತು ಇಳಿಯದೆ ನಮ್ಮವರು ನಡುನಡುವೆ ನೀರು ಕುಡಿಯುತ್ತಿದ್ದರು. ಆದರೂ ಎರಡನ್ನೂ ಮುಗಿಸಿದರು.

ಖಾಲಿ ತಟ್ಟೆ ನೋಡಿ ಮಾವ ನನ್ನ ಕಡೆ ತಿರುಗಿ ಮತ್ತೆ ಬಾಯಿ ತೆರೆದರು. ನಾವೆಲ್ಲ ಕಾದೆವು. ಈ ಸಲ ಆರಕ್ಕೇ ಬಂತು.

"ಇನ್ನೊಂದ... ಹಾಕು."

ನಮ್ಮವರು ನನ್ನನ್ನು ನೋಡಿದರು. ಬೇಡ ಅಂತ ಹೇಳಲು ಅವರಿಗೆ ಕೈಮಾತೂ ಬರುತ್ತಿತ್ತು, ಬಾಯಿಮಾತೂ ಬರುತ್ತಿತ್ತು. ಎರಡನ್ನೂ ಆಡಲಿಲ್ಲ. ತಟ್ಟೆಯನ್ನು ಮುಂದೆ ಸರಿಸಿದರು. ನಾನು ಒಳಗೆ ಹೋಗಿ ಆರನೆಯ ರೊಟ್ಟಿ ತಂದು ಹಾಕಿದೆ.